ಪರಿಮಳದ ದಾರಿ ಕಾದವಳು

ಮಗುವಿನ ನೆತ್ತಿಗೆ ಎಂಥ ವಾಸನೆ ಇರುತ್ತದೆ ಎಂದು ಕೇಳಿದರೆ ಹೇಳುವುದು ಕಷ್ಟ. ಹಾಲಿನದು ಎನ್ನಬಹುದು, ಆದರೆ ಪೂರ್ತಿ ಹಾಲಿನದಲ್ಲ. ರೋಸಲಿಂಡ್ ತನ್ನ ಮಗಳು ಕಾರ್ಮಿನಳನ್ನು ಆರು ತಿಂಗಳು ಎದೆಗೆ ಹಾಕಿಕೊಂಡು ತಿರುಗಿದ್ದಳು. ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಸೌಟು. ಬಗ್ಗಿದಾಗ ಮೂಗು ಆ ನೆತ್ತಿಗೆ ತಾಗುತ್ತಿತ್ತು. ಇದ್ದದ್ದು ಇದ್ದಲ್ಲೇ ಇರುತ್ತದೆ ಎಂಬ ಧೈರ್ಯದಲ್ಲಿ ಅವಳು ಅದನ್ನು ಗಮನವಿಟ್ಟು ಮೂಸಿರಲಿಲ್ಲ.

೧೯೮೮ರ ಬೇಸಿಗೆಯಲ್ಲಿ ಅವಳಿಗೊಂದು ಜ್ವರ ಬಂತು. ಜ್ವರ ಬಿಟ್ಟಿತು, ನೆಗಡಿಯೂ ಬಿಟ್ಟಿತು. ವಾಸನೆ ಮಾತ್ರ ಮರಳಿ ಬರಲಿಲ್ಲ.

ಅದು ಅವಳಿಗೆ ಗೊತ್ತಾದದ್ದು ಝುಬೈದಾಳ ಅಡುಗೆಮನೆಯಲ್ಲಿ. ಝುಬೈದಾ ಮದುವೆ ಮನೆಗಳಿಗೆ ಬುಖೂರ್ ಮಾಡಿ ಕೊಡುತ್ತಿದ್ದ ಒಮಾನಿ ಹೆಂಗಸು. ಒಮಾನಿನ ವಾದಿ ಕಬೀರಿನಲ್ಲಿ ರೋಸಲಿಂಡಳ ಫ್ಲ್ಯಾಟಿನ ಹಿಂದೆಯೇ ಅವಳ ಮನೆ; ರೋಸಲಿಂಡ್ ಬಿಡುವಿನಲ್ಲಿ ಅಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಊದಿನ ಪುಡಿಯನ್ನು ಸಕ್ಕರೆ ಪಾಕಕ್ಕೆ ಸುರಿದು, ಅತ್ತರು ಬೆರೆಸಿ, ಬಿಲ್ಲೆ ಕಟ್ಟಿ, ಕೆಂಡದ ಮೇಲಿಟ್ಟು ಹೊಗೆ ಹಾಕುವ ವಸ್ತು ಈ ಬುಖೂರ್. ಪಾಕ ಯಾವಾಗ ಇಳಿಸಬೇಕೆಂದು ಕಣ್ಣು ಹೇಳುವುದಿಲ್ಲ, ಮೂಗು ಹೇಳಬೇಕು. ಶಿರ್ವದ ಕಡೆಯಿಂದ ಮದುವೆಯಾಗಿ ಬಂದ ಈ ಹುಡುಗಿಯ ಮೂಗನ್ನು ಝುಬೈದಾ ಎಲ್ಲರೆದುರು ಹೊಗಳುತ್ತಿದ್ದಳು. ಆ ದಿನ ರೋಸಲಿಂಡ್ ಸೌಟು ತಿರುವುತ್ತಲೇ ನಿಂತಿದ್ದಳು.

"ರೋಸಾ! ಜಲ್ ಗಯಾ, ರೋಸಾ! ಮೂಗು ಊರಲ್ಲಿ ಬಿಟ್ಟು ಬಂದಿದ್ದೀಯಾ?" ಝುಬೈದಾ ಹೊರಗಿನಿಂದ ಓಡಿ ಬಂದಳು.

ಪಾತ್ರೆಯಲ್ಲಿ ಸಕ್ಕರೆ ಕರಿ ಕಲ್ಲಾಗಿತ್ತು. ರೋಸಲಿಂಡ್ ಪಾತ್ರೆಯ ಬಗ್ಗೆ ಯೋಚಿಸಲಿಲ್ಲ. ಮನೆಗೆ ಓಡಿದಳು. ಪಕ್ಕದ ಮನೆಯ ವಸಂತಿಯ ಚಾಪೆಯ ಮೇಲೆ ಮಲಗಿದ್ದ ಮಗಳನ್ನು ಎತ್ತಿ ನೆತ್ತಿಗೆ ಮೂಗು ಒತ್ತಿದಳು. ಬೆಚ್ಚಗಿತ್ತು, ಮೃದುವಾಗಿತ್ತು. ಅಷ್ಟೇ ಇತ್ತು. ಕಿಟಕಿಯ ಗಾಜಿಗೆ ಮೂಗು ಒತ್ತಿದ ಹಾಗೆ.

ಆಸ್ಪತ್ರೆಯ ಡಾಕ್ಟರು, ಬಂದರೆ ಬರಬಹುದು, ಬರದೆಯೂ ಇರಬಹುದು ಎಂದರು.

"ಮಕ್ಕಳ ತಲೆಯ ಆ ವಾಸನೆ ಎಷ್ಟು ಸಮಯ ಇರ್ತದೆ ವಸಂತಿಯಕ್ಕ?" ರೋಸಲಿಂಡ್ ಒಂದು ದಿನ ಕೇಳಿದಳು. ವಸಂತಿ ಮೂಲ್ಕಿಯವಳು; ಊರಿನ ರೂಢಿಯಂತೆ ಈ ಕ್ರಿಸ್ತುವ ಗಂಡ ಹೆಂಡತಿಯನ್ನು ಪೊರ್ಬು, ಬಾಯಿ ಎಂದು ಕರೆಯುವವಳು. ಇಬ್ಬರು ಮಕ್ಕಳನ್ನು ದೊಡ್ಡ ಮಾಡಿದವಳು.

"ಹಲ್ಲು ಬಂದು ಅನ್ನ ತಿನ್ಲಿಕ್ಕೆ ಸುರು ಮಾಡಿದ್ರೆ ಮುಗೀತು ಮಾರಾಯ್ತಿ. ಆಮೇಲೆ ಅವುಗಳದ್ದೂ ನಮ್ಮ ಹಾಗೆಯೇ, ಮೀನಿನ ವಾಸನೆ!" ವಸಂತಿ ನಕ್ಕವಳು, ರೋಸಲಿಂಡಳ ಮುಖ ನೋಡಿ ಮಗುವನ್ನು ಎತ್ತಿ ಅವಳ ಮಡಿಲಿಗೆ ಕೊಟ್ಟಳು.

ಅಂದಿನಿಂದ ಅವಳ ಮುಂದೆ ಯಾರೂ ವಾಸನೆಯ ಮಾತು ಎತ್ತಲಿಲ್ಲ. ಗಂಡ ಪಿಯುಸ್ ಮೀನು ಹಾಳಾಗಿದ್ದರೆ ಮಾತಿಲ್ಲದೆ ತೆಗೆದು ಹೊರಗೆ ಹಾಕುತ್ತಿದ್ದ. ಹಾಲು ಒಡೆದಿದ್ದರೆ ತಾನೇ ಚೆಲ್ಲುತ್ತಿದ್ದ. ಸತ್ತವರ ಹೆಸರನ್ನು ಮನೆಯವರ ಎದುರು ಎತ್ತದ ಹಾಗೆ.

ಝುಬೈದಾ ಒಬ್ಬಳು ಮಾತ್ರ ಬಿಡಲಿಲ್ಲ. ದಾರ್ಸೈಟಿನಲ್ಲಿ ಒಬ್ಬ ಚೀನಾ ಅಜ್ಜಿ ಇದ್ದಾರೆ, ನನ್ನಿಂದ ಲುಬಾನ್ ಧೂಪ ಕೊಳ್ಳುತ್ತಾರೆ, ಹೊಗೆಗಲ್ಲ, ಮದ್ದಿಗೆ, ಯಲ್ಲಾ ಹೊರಡು ಎಂದು ಅವಳನ್ನು ಕಾರಿಗೆ ಹತ್ತಿಸಿದಳು.

ಆ ಅಜ್ಜಿ ಮಿಸೆಸ್ ಯೀಪ್. ಮಲೇಶಿಯಾದ ಇಪೋ ಊರಿನ ಚೀನೀ ಮನೆತನದವರು. ಮಗ ಇಲ್ಲಿನ ಕಟ್ಟಡ ಕಂಪನಿಯಲ್ಲಿ ಇಂಜಿನಿಯರ್. ಅಪ್ಪನಿಂದ ಕಲಿತ ಮದ್ದನ್ನು ಪರಿಚಯದವರಿಗೆ ಕೊಡುತ್ತಿದ್ದರು. ಗೋಡೆಯ ಮೇಲೆ ಎಮ್ಮೆಯ ಮೇಲೆ ಕೂತ ಗಡ್ಡದ ಮುದುಕನ ಚಿತ್ರವಿತ್ತು.

"ನಿಮ್ಮ ಸಂತರಾ?" ರೋಸಲಿಂಡ್ ಕೇಳಿದಳು.

"ದಾರಿ ಹೇಳಿದವರು," ಅಂದರು ಮಿಸೆಸ್ ಯೀಪ್. ಅವರು ನಂಬಿದ ತಾವೊ ಪಂಥದ ಹೆಸರಿಗೂ ದಾರಿ ಎಂದೇ ಅರ್ಥವಂತೆ. ಅವರ ಇಂಗ್ಲಿಷಿನಲ್ಲಿ ವಾಕ್ಯಗಳು ಗಿಡ್ಡ, ನಡುವಿನ ಮೌನ ಉದ್ದ. ಎರಡೂ ಕೈಗಳ ನಾಡಿ ಹಿಡಿದು ಬಹಳ ಹೊತ್ತು ಕೂತರು. ನಾಲಿಗೆ ಚಾಚಲು ಹೇಳಿ ನೋಡಿದರು. "ಮೂಗಿನ ಹಿಂದೆ ಶ್ವಾಸಕೋಶ ಇದೆ. ಅದು ಲೋಹ. ಲೋಹ ಹುಟ್ಟುವುದು ಮಣ್ಣಿನಲ್ಲಿ. ಹೊಟ್ಟೆ ಮಣ್ಣು. ಮಣ್ಣು ತಾಯಿ, ಲೋಹ ಮಗು. ನಾವು ಮೂಗಿಗೆ ಮದ್ದು ಕೊಡುವುದಿಲ್ಲ. ತಾಯಿಗೆ ಉಣಿಸುತ್ತೇವೆ. ಮಗು ತಾನಾಗಿ ಸುಧಾರಿಸುತ್ತದೆ."

ಲೋಹವೂ ಮಣ್ಣೂ ರೋಸಲಿಂಡಳ ತಲೆಗೆ ಹತ್ತಲಿಲ್ಲ. ತಾಯಿ, ಮಗು ಎಂಬ ಎರಡು ಮಾತುಗಳನ್ನು ಹಿಡಿದುಕೊಂಡು ಕೂತಳು.

ಅಜ್ಜಿ ಕೊಟ್ಟದ್ದು ಕಾಗದದ ಪೊಟ್ಟಣಗಳು. ಅದರಲ್ಲಿ ಸಿಗಿದ ಕಟ್ಟಿಗೆಯಂಥ ಹಳದಿ ಬೇರು, ಸುಣ್ಣದ ಕಡ್ಡಿಯಂಥ ಬಿಳಿ ಗೆಡ್ಡೆಯ ಚೂರು, ಸುಕ್ಕುಗಟ್ಟಿದ ಕೆಂಪು ಹಣ್ಣು. ಅಕ್ಕಿಯ ಜೊತೆ ತುಂಬಾ ಹೊತ್ತು ಬೇಯಿಸು, ಬೆಳಿಗ್ಗೆ ಉಣ್ಣು ಎಂದರು. ಆಮೇಲೆ ಕೂರುವುದನ್ನು ಕಲಿಸಿದರು. ಬೆನ್ನು ನೆಟ್ಟಗೆ. ನಾಲಿಗೆಯ ತುದಿ ಅಂಗುಳಕ್ಕೆ. ಉಸಿರು ಹೊಕ್ಕುಳಿನ ಕೆಳಗಿನವರೆಗೆ ಇಳಿಯಲಿ, ತಳ್ಳಬೇಡ.

"ವಾಸನೆಯನ್ನು ಹುಡುಕಬೇಡ," ಅಂದರು. "ಬಾಗಿಲು ತೆರೆದಿಟ್ಟು ಕೂರು. ಹೆಸರು ಹಿಡಿದು ಕರೆಯಬೇಡ."

ಮನೆಯಲ್ಲಿ ಅವಳು ಹಾಗೆ ಕೂತದ್ದನ್ನು ಮೊದಲ ಸಲ ನೋಡಿದಾಗ ಪಿಯುಸ್ ಅಂದ, "ಜಪಮಾಲೆಯ ತೇರ್ಸು ಹೇಳುವಾಗ ತೂಕಡಿಸ್ತಿ. ಚೀನಾ ಜಪಕ್ಕೆ ಮಾತ್ರ ಬೆನ್ನು ನೆಟ್ಟಗಾ ರೋಸಿ? ಪಾದ್ರಿಗಳಿಗೆ ಗೊತ್ತಾದ್ರೆ ಎಂತ ಹೇಳುದು?"

"ಮೂಗಿನ ಕಸರತ್ತು ಅಂತ ಹೇಳಿ," ಅಂದಳು ಅವಳು ಕಣ್ಣು ಮುಚ್ಚಿಕೊಂಡೇ.

ಕೂರುವುದು ಕಷ್ಟವಾಗಲಿಲ್ಲ. ಕರೆಯದೆ ಕೂರುವುದು ಆಗಲಿಲ್ಲ. ಕೆಲವು ಉಸಿರು ಸರಿಯಾಗಿ ಇಳಿಯುತ್ತಿತ್ತು. ಅಷ್ಟರಲ್ಲಿ ತೊಟ್ಟಿಲಿನಲ್ಲಿ ಮಗು ಹೊರಳಿದ ಸದ್ದು. ಅವಳ ಉಸಿರು ಅರ್ಧದಿಂದಲೇ ಎದ್ದು ಆ ಕಡೆ ಹೋಗುತ್ತಿತ್ತು. ಬರುತ್ತದೆಯೋ ಈಗ, ಈಗ ಬರುತ್ತದೆಯೋ. ಏನೂ ಬೇಡವೆಂದು ಕೂರಲು ಅಜ್ಜಿ ಹೇಳಿದ್ದರು; ಅವಳು ಬೇಕು ಬೇಕೆಂದೇ ಕೂರುತ್ತಿದ್ದಳು.

ಅನ್ನವನ್ನಂತೂ ಒಂದು ದಿನವೂ ತಪ್ಪಿಸಲಿಲ್ಲ. ಊರಿಂದ ಬರುವಾಗ ತಂದ ಕುಚ್ಚಲಕ್ಕಿಯನ್ನು ದೊಡ್ಡ ಪಾತ್ರೆಯಲ್ಲಿ ಹಾಕಿ, ಪೊಟ್ಟಣ ಬಿಚ್ಚಿ ಸುರಿದು, ನೀರು ಧಾರಾಳ ಹೊಯ್ದು ಬೇಯಿಸುತ್ತಿದ್ದಳು. ಬೆಂದ ಮೇಲೆ ಮುಚ್ಚಳ ಒತ್ತಿ ಹಿಡಿದು, ಪಾತ್ರೆ ವಾಲಿಸಿ ತೆಳಿ ಬಸಿಯುತ್ತಿದ್ದಳು. ಅವಳ ಅಮ್ಮ, ಅಜ್ಜಿ, ಊರಿನ ಎಲ್ಲ ಮನೆಯ ಹೆಂಗಸರು ಅನ್ನ ಮಾಡುವುದು ಹಾಗೆಯೇ. ಬೇರು ಆರಿಸಿ ಎಸೆದು, ಅನ್ನವನ್ನೂ ಹಣ್ಣನ್ನೂ ಭಕ್ತಿಯಿಂದ ಉಣ್ಣುತ್ತಿದ್ದಳು. ಬಸಿದ ತೆಳಿಯನ್ನು ಅವರ ಕಡೆ ಚೆಲ್ಲುವುದಿಲ್ಲ. ಅದು ಬಟ್ಟೆಗೆ ಗಂಜಿ ಹಾಕಲಿಕ್ಕೆ. ಪಿಯುಸ್ ಹೋಟೆಲಿನ ಸ್ವಾಗತ ಕೌಂಟರಿನಲ್ಲಿ ನಿಲ್ಲುವವನು. ಅವನ ಕಂದು ಬಣ್ಣದ ಸಮವಸ್ತ್ರದ ಅಂಗಿ ಯಾವಾಗಲೂ ಹಲಗೆಯಂತೆ ನಿಂತಿರಬೇಕು.

ಅನ್ನ ಬಸಿಯುವವರೂ ಇದ್ದಾರೆಂದು ಮಿಸೆಸ್ ಯೀಪ್‌ಗೆ ಹೊಳೆದಿರಲಿಲ್ಲ. ಬಸಿಯದೆ ಇರುವವರಿದ್ದಾರೆಂದು ಇವಳಿಗೂ ಹೊಳೆದಿರಲಿಲ್ಲ.

ಕಾರ್ಮಿನಳಿಗೆ ಹಲ್ಲು ಬಂತು. ವರ್ಷ ತುಂಬಿತು. ಗೋಡೆ ಹಿಡಿದು ನಡೆದಳು. ಮಗಳ ಒಂದೊಂದು ಹೊಸ ಆಟಕ್ಕೂ ಪಿಯುಸ್ ಚಪ್ಪಾಳೆ ತಟ್ಟುತ್ತಿದ್ದ. ರೋಸಲಿಂಡಳೂ ತಟ್ಟುತ್ತಿದ್ದಳು. ಒಳಗೊಳಗೆ ಮಾತ್ರ, ಸ್ವಲ್ಪ ನಿಲ್ಲು, ಸ್ವಲ್ಪ ನಿಧಾನ ಎನ್ನುತ್ತಿದ್ದಳು. ಬಸ್ಸಿನ ಹಿಂದೆ ಓಡುವವರು ಹೇಳುವ ಹಾಗೆ.

ಮರುವರ್ಷದ ಚಳಿ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಪಿಯುಸ್ ಅಂಗಿ ಕಳಚಿ ಕೈಯಲ್ಲಿ ಹಿಡಿದೇ ಒಳಗೆ ಬಂದ. ವಸಂತಿ ಅಲ್ಲೇ ಕೂತು ಬೀನ್ಸ್ ಮುರಿಯುತ್ತಿದ್ದಳು.

"ರೋಸಿ, ಕಪಾಟಿನಲ್ಲಿ ಎಂತ ಇಟ್ಟಿದ್ದಿ?"

"ಎಂತದೂ ಇಲ್ಲ. ಯಾಕೆ?"

"ಅಲ್ಲ... ಮ್ಯಾನೇಜರ್ ಇವತ್ತು ನನ್ನನ್ನು ಬದಿಗೆ ಕರೆದು, ನಿನಗೆ ಎಂತ ಕಾಯಿಲೆ, ಮುಚ್ಚಿಡಬೇಡ ಅಂತಾನೆ."

ವಸಂತಿ ಅಂಗಿಯನ್ನು ಕಿತ್ತುಕೊಂಡು ಮೂಸಿದಳು. "ಅಯ್ಯೋ ಪೊರ್ಬುಗಳೇ! ಇದು ರೋಸಿಬಾಯಿಯ ಚೀನಾ ಮದ್ದಲ್ವಾ? ನಿಮ್ಮ ಅಂಗಿಗೆ ಹೇಗೆ ಬಂತು?" ಮತ್ತೆ ರೋಸಲಿಂಡಳ ಕಡೆ ತಿರುಗಿದಳು. "ಬಾಯೀ, ಆ ಅನ್ನದ ತೆಳಿ ಎಂತ ಮಾಡ್ತೀರಿ ನೀವು?"

"ಅಂಗಿಗೆ ಹಾಕ್ತೇನೆ."

ಪಿಯುಸ್ ತಡೆಯಲಾರದೆ ನಕ್ಕ. "ಹಾಗಾದ್ರೆ ನಿನ್ನ ಮದ್ದೆಲ್ಲ ನಾನೇ ತಕ್ಕೊಂಡದ್ದಾ, ಬೆನ್ನಿನಿಂದ! ಅದಕ್ಕೇ ಈ ಸಲ ನನಗೆ ನೆಗಡಿಯೇ ಆಗ್ಲಿಲ್ಲ!"

ರೋಸಲಿಂಡ್ ನಗಲಿಲ್ಲ. "ಮೊದಲೇ ಯಾಕೆ ಹೇಳ್ಲಿಲ್ಲ ನೀವು? ಇಷ್ಟು ತಿಂಗಳು?"

ಪಿಯುಸನ ನಗು ನಿಂತಿತು. "ವಾಸನೆ ಅಂತ ಬಾಯಿ ಬಿಟ್ರೆ ನಿನಗೆ ಬೇಜಾರಾಗ್ತದಲ್ಲ ಅಂತ..."

ಮಿಸೆಸ್ ಯೀಪ್ ಈ ಕತೆ ಕೇಳಿ ಮೇಜು ಹಿಡಿದುಕೊಂಡು ನಕ್ಕರು. ಕಣ್ಣೊರೆಸಿಕೊಂಡರು. ಮದ್ದಿನ ಸಾರವೆಲ್ಲ ಆ ನೀರಿನಲ್ಲಿಯೇ ಇತ್ತು, ಅಕ್ಕಿ ಕರಗಿ ನೀರೂ ಅನ್ನವೂ ಒಂದಾಗುವವರೆಗೆ ಬೇಯಬೇಕಿತ್ತು ಎಂದು ಹೊಸದಾಗಿ ಹೇಳಿಕೊಟ್ಟರು.

"ತಡವಾಗಿಲ್ಲ," ಅಂದರು. "ಮೂಗಿಗೆ ವಯಸ್ಸಾಗುವುದಿಲ್ಲ."

"ಮೂಗಿಗೆ ಆಗುವುದಿಲ್ಲ. ಮಗುವಿಗೆ ಆಗುತ್ತದೆ," ಅಂದಳು ರೋಸಲಿಂಡ್.

ಅವಳು ಕಾಯುತ್ತಿದ್ದದ್ದು ಯಾವುದಕ್ಕೆಂದು ಅಜ್ಜಿಗೆ ಅಂದು ಮೊದಲ ಸಲ ತಿಳಿಯಿತು. ಉಪದೇಶವೇನೂ ಮಾಡಲಿಲ್ಲ. ಆ ದಿನ ನಾಡಿ ನೋಡಲಿಕ್ಕೆ ಹಿಡಿದ ಕೈಯನ್ನು ನಾಡಿ ನೋಡಿದ ಮೇಲೂ ಬಿಡಲಿಲ್ಲ.

ಅಲ್ಲಿಂದ ಗಂಜಿ ಬಸಿಯದೆ ಕುಡಿದಳು. ಬೆಳಿಗ್ಗೆ ಕೆಳಗಿನ ಗ್ಯಾರೇಜು ತೆರೆಯುವ ಮೊದಲು ತಾರಸಿಯ ಮೇಲೆ ಕೂತಳು. ಬೋಳು ಗುಡ್ಡಗಳ ಮೇಲೆ ಬಿಸಿಲು ಏರುವುದು, ಎಲ್ಲೋ ಒಂದು ಗಾಡಿ ಕೆಮ್ಮುತ್ತ ಶುರುವಾಗುವುದು. ಕಾಲ ಸಾಗಿತು. ಮಿಸೆಸ್ ಯೀಪ್ ಮಗನ ಕೆಲಸ ಮುಗಿದದ್ದರಿಂದ ಇಪೋಗೆ ಮರಳಿದರು. ಬಿಟ್ಟುಹೋದ ಪೊಟ್ಟಣಗಳೂ ಖಾಲಿಯಾದವು. ಆಮೇಲೆ ಅವಳು ಖರ್ಜೂರ ಹಾಕಿ ಗಂಜಿ ಮಾಡಿದಳು, ಸಿಕ್ಕಿದಾಗ ಪೇರ್ ಹಣ್ಣು ಬೇಯಿಸಿ ತಿಂದಳು. ಬಿಳಿ ತಿನಿಸು ಉಸಿರಿಗೆ ಒಳ್ಳೆಯದು ಎಂದು ಅಜ್ಜಿ ಹೇಳಿದ್ದರು. ಆರೋಗ್ಯ ಸುಧಾರಿಸಿತು ಎಂದು ನೋಡಿದವರೆಲ್ಲ ಅಂದರು. ಚಳಿಗಾಲದ ಕೆಮ್ಮು ಹೋಯಿತು, ಮೈಗೆ ಬಣ್ಣ ಬಂತು. ಝುಬೈದಾಳ ಮನೆಯಲ್ಲಿ ಈಗ ಬಿಲ್ಲೆ ಕಟ್ಟುವ ಕೆಲಸವಷ್ಟೇ ಅವಳದು. ಬೆರಳಿಗೆ ಅಂಟಿದ ಊದಿನ ಪುಡಿ ಅವಳ ಪಾಲಿಗೆ ಬರಿಯ ಪುಡಿ.

ಮಗಳ ಎಳವೆಯ ಫೋಟೋಗಳನ್ನು ಅವಳು ಆಗಾಗ ತೆಗೆದು ನೋಡುತ್ತಿದ್ದಳು. ತೊಟ್ಟಿಲು, ಬಿಳಿ ಟೊಪ್ಪಿ, ಬೊಚ್ಚು ಬಾಯಿ, ಎಲ್ಲವೂ ಇದ್ದವು. ಮುಖವನ್ನು ನೆನಪಿಗೆ ತಂದುಕೊಳ್ಳಬಹುದು, ಧ್ವನಿಯನ್ನೂ ತಂದುಕೊಳ್ಳಬಹುದು. ವಾಸನೆಯನ್ನು ಹಾಗೆ ತಂದುಕೊಳ್ಳಲು ಆಗುವುದಿಲ್ಲ. ಅದು ಎದುರಿಗೆ ಬಂದು ನಿಂತರೆ ಮಾತ್ರ ಗುರುತು ಸಿಗುತ್ತದೆ.

೧೯೯೩ರ ಮಾರ್ಚಿನ ಒಂದು ಬುಧವಾರ, ಅಲ್ಲಿ ಗುರುವಾರ ಶುಕ್ರವಾರ ರಜೆಯಾದ್ದರಿಂದ ಶಾಲೆಯ ವಾರದ ಕೊನೆಯ ದಿನ, ಅವಳು ಗ್ಯಾರೇಜಿನ ಎದುರು ಶಾಲಾ ಬಸ್ಸಿಗೆ ಕಾಯುತ್ತಿದ್ದಳು. ಏನನ್ನೂ ಯೋಚಿಸುತ್ತಿರಲಿಲ್ಲ. ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದಳು, ಅಷ್ಟೆ. ಗಂಟಲಲ್ಲಿ ಏನೋ ಕೆರೆದಂತಾಯಿತು. ಧೂಳೆಂದುಕೊಂಡಳು. ಮತ್ತೆ ಉಸಿರೆಳೆದಳು. ಟಯರು. ಸುಟ್ಟ ಟಯರು, ಅದರ ಹಿಂದಿನಿಂದ ಪೆಟ್ರೋಲು. ಕೈ ಗೋಡೆಗೆ ಊರಿದಳು. ದಾರಿಹೋಕರು ಮೂಗು ಮುಚ್ಚಿಕೊಂಡು ಹೋಗುವ ಜಾಗದಲ್ಲಿ ಅವಳು ಬಾಯಿ ಬಿಗಿದು, ಮೂಗರಳಿಸಿ ನಿಂತಳು. ಕಣ್ಣಲ್ಲಿ ನೀರು ಬಂತು.

ಬಸ್ಸು ಬಂತು. ಐದು ದಾಟಿದ ಕಾರ್ಮಿನ್ ಚೀಲ ಜೋತಾಡಿಸುತ್ತ ಇಳಿದಳು. ರೋಸಲಿಂಡ್ ರಸ್ತೆಯ ಬದಿಯಲ್ಲೇ ಮಂಡಿಯೂರಿ ಅವಳನ್ನು ಎಳೆದುಕೊಂಡಳು, ನೆತ್ತಿಯಲ್ಲಿ ಮೂಗು ಹುದುಗಿಸಿದಳು.

ಬಿಸಿಲು. ಬೆವರು. ತೆಂಗಿನೆಣ್ಣೆ. ಪೆನ್ಸಿಲಿನ ರಬ್ಬರು, ಡಬ್ಬಿಯ ಉಪ್ಪಿನಕಾಯಿ. ಕಣ್ಣು ಮುಚ್ಚಿ ಅದರ ಕೆಳಗೆ, ಇನ್ನೂ ಕೆಳಗೆ ಹುಡುಕಿದಳು. ಅಡಿಯಲ್ಲಿ ಎಲ್ಲಾದರೂ ಉಳಿದಿರಬಹುದು ಎಂದು. ಇರಲಿಲ್ಲ.

"ಮಮ್ಮಾ, ವಾಟ್ ಆರ್ ಯೂ ಡೂಯಿಂಗ್! ಎಲ್ಲರೂ ನೋಡ್ತಿದ್ದಾರೆ!"

"ನಾರ್ತಿದ್ದಿ ನೀನು," ಅಂದಳು ರೋಸಲಿಂಡ್. ಆ ಮಾತನ್ನು ಮಗಳಿಗೆ ಅವಳು ಹೇಳಿದ್ದು ಅದೇ ಮೊದಲು. "ನಡೆ, ಮೀಯಲಿಕ್ಕೆ ನಡೆ."

ಸಂಜೆ ಪಿಯುಸ್ ಬಂದಾಗ ಅವಳು ಬಾಗಿಲಲ್ಲೇ ಹೇಳಿದಳು. ಅವನು ಚಪ್ಪಲಿ ಕಳಚುವುದನ್ನೂ ಮರೆತು ಅವಳ ಎರಡೂ ಕೈ ಹಿಡಿದುಕೊಂಡ. ವಸಂತಿಯನ್ನು ಕೂಗಿ ಕರೆದ. ಅವಳು ನೀರುಳ್ಳಿ, ಕೊತ್ತಂಬರಿ, ಕಾಫಿಪುಡಿ ಎಂದು ಒಂದೊಂದೇ ತಂದು ರೋಸಲಿಂಡಳ ಮೂಗಿಗೆ ಹಿಡಿದಳು. ಮನೆಯಲ್ಲಿ ಹಬ್ಬದ ಗದ್ದಲ. ವಸಂತಿ ಹೋದ ಮೇಲೆ ರೋಸಲಿಂಡ್ ಕೇಳಿದಳು.

"ಸಣ್ಣವಳಿರುವಾಗ ಅವಳ ತಲೆಗೆ ಎಂಥ ವಾಸನೆ ಇತ್ತು? ನಾನು ಮೂಸದಿದ್ದ ದಿನಗಳಲ್ಲಿಯೂ ನೀವು ಮೂಸಿದ್ದೀರಲ್ಲ. ಹೇಳಿ."

ಪಿಯುಸ್ ಬಹಳ ಹೊತ್ತು ಯೋಚಿಸಿದ. ಹಾಲು ಎಂದ. ಅಲ್ಲ, ಬಿಸಿಲಿಗೆ ಒಣಗಿದ ಬಟ್ಟೆ ಎಂದ. ಅದೂ ಅಲ್ಲವೆಂದು ತಾನೇ ತಲೆಯಾಡಿಸಿದ.

"ನೆನಪಿಲ್ಲ ರೋಸಿ," ಅಂದ ಕೊನೆಗೆ. "ಇತ್ತು ಅಂತ ಮಾತ್ರ ನೆನಪುಂಟು."

ಅವಳು ಅವನ ಭುಜಕ್ಕೆ ತಲೆ ಆನಿಸಿದಳು. ಕಳೆದುಕೊಂಡದ್ದು ತಾನೊಬ್ಬಳೇ ಅಲ್ಲ ಎಂಬುದು ಸಮಾಧಾನವೋ, ಇನ್ನೊಂದು ದುಃಖವೋ ಅವಳಿಗೆ ಗೊತ್ತಾಗಲಿಲ್ಲ.

ಶುಕ್ರವಾರ ಇಗರ್ಜಿಯ ಪೂಜೆ ಮುಗಿಸಿ ಬಂದ ಮೇಲೆ ಪಿಯುಸ್ ಒಗೆಯುವ ಬಟ್ಟೆಗಳನ್ನು ಬಕೀಟಿಗೆ ತುಂಬಿದ. ಕಾರ್ಮಿನಳ ಶಾಲೆಯ ಅಂಗಿ ಇನ್ನೂ ಕುರ್ಚಿಯ ಬೆನ್ನಿಗೇ ಇತ್ತು. ಕಾಲರು ಮಾಸಿ, ಎದೆಯ ಮೇಲೆ ಉಪ್ಪಿನಕಾಯಿಯ ಕಲೆ.

"ಇದು ಒಗೀಲಿಕ್ಕಿಲ್ವಾ? ನಾಳೆ ಶಾಲೆ ಉಂಟಲ್ಲ."

"ಇನ್ನೊಂದು ಜೊತೆ ಇಸ್ತ್ರಿ ಮಾಡಿಟ್ಟಿದ್ದೇನೆ," ಅಂದಳು ರೋಸಲಿಂಡ್. "ಅದು ಸ್ವಲ್ಪ ದಿನ ಅಲ್ಲೇ ಇರಲಿ."