ಉಣ್ಣೆ ಸುತ್ತಿದ ತಂತಿ

“ತಡಿಯೋ ತಮ್ಮಾ! ಆ ತಂತಿಗೆ ಸುತ್ತಿದ್ದು ಉಣ್ಣಿ ಹೌದಲ್ಲೋ?”

ಎದುರುಗಟ್ಟೆಯ ಮೇಲೆ ಕಂಬಳಿ ಮಾರುತ್ತಿದ್ದ ಮುದುಕಿ, ಓಣಿಗೆಲ್ಲ ಆಯಿ, ಕೂಗಿದಾಗ ನನ್ನ ಕೈ ಸ್ವಿಚ್ಚಿನ ಮೇಲಿತ್ತು. ನಮ್ಮ ಸೀಮೆ ಹೈದರಾಬಾದ್ ಬಿಟ್ಟು ಕನ್ನಡ ರಾಜ್ಯ ಸೇರಿದ ವರ್ಷ ಅದು. ಯಾದಗಿರಿಯ ನಮ್ಮ ಓಣಿಯ ವಾಚನಾಲಯಕ್ಕೆಂದು ಎಣ್ಣೆ ಡಬ್ಬಿಯ ತಗಡಿನಲ್ಲಿ ‘ಕನ್ನಡ’ ಎಂದು ಕೊರೆದು, ಹಿಂದೆ ಆರು ಬಲ್ಬು ಕೂಡಿಸಿ ನಾನೇ ದೀಪದ ಫಲಕ ಮಾಡಿದ್ದೆ. ತಂತಿಗೆ ಸುತ್ತುವ ಟೇಪು ಸಿಕ್ಕಿರಲಿಲ್ಲ. ಉಣ್ಣೆಯಲ್ಲಿ ಕರೆಂಟು ಹರಿಯುವುದಿಲ್ಲವೆಂದು ತಂತಿಯ ಗಂಟುಗಳಿಗೆಲ್ಲ ಕಂಬಳಿ ನೂಲು ಬಿಗಿದಿದ್ದೆ. ಹಿಂದಿನ ರಾತ್ರಿ ಫಲಕ ಇಬ್ಬನಿಯಲ್ಲಿ ಅಂಗಳದಲ್ಲೇ ಇದ್ದದ್ದನ್ನು ಆಯಿ ನೋಡಿದ್ದಳು.

“ಒಣಗೇದ ಆಯಿ, ಬೇಕಾದ್ರ ಮುಟ್ಟಿ ನೋಡು” ಎಂದೆ.

“ಮುಟ್ಟಿದ್ರ ಒಣಗಿದಂಗೇ ಇರ್ತದ. ಇಬ್ಬನ್ಯಾಗ ಬಿಟ್ಟ ಕಂಬಳಿ ಮುಂಜಾನಿ ಎತ್ತಿ ನೋಡು, ಎಷ್ಟು ಭಾರ ಆಗಿರ್ತದ. ಉಣ್ಣಿ ನೀರು ಕುಡದು ಒಳಗ ಇಟ್ಕೋತದ.”

ನನ್ನ ಕೈ ತಾನಾಗಿ ಹಿಂದೆ ಬಂತು. ಹಸಿ ನೂಲಿನಿಂದ ತಗಡಿಗೆ ಕರೆಂಟು ಇಳಿದಿದ್ದರೆ ಮೊದಲು ಮುಟ್ಟಿದವರ ಜೀವ ಹೋಗುತ್ತಿತ್ತು. ಮೇನ್ ಆರಿಸಿ ನೂಲೆಲ್ಲ ಬಿಚ್ಚಿ ಹಾಕಿದೆ. ರಬ್ಬರ್ ಟೇಪು ತರಿಸಿ ಸುತ್ತಿದೆ. ಹೋಲ್ಡರುಗಳನ್ನು ಒಣ ಹಲಗೆಗೆ ಜಡಿದು, ಹಲಗೆಯನ್ನು ತಗಡಿನಿಂದ ದೂರ ನಿಲ್ಲಿಸಿದೆ. ಮರುದಿನ ಸಂಜೆ ದೀಪ ಹಾಕಿ, ಟೆಸ್ಟರ್ ಹಿಡಿದು ನೋಡಿದೆ. ತಗಡಿನಲ್ಲಿ ಕರೆಂಟಿರಲಿಲ್ಲ; ಆಯಿಗೂ ಹಾಗೆಂದೆ.

ಆಯಿಗೆ ಓದಲು ಬರುತ್ತಿರಲಿಲ್ಲ. ಆಕೆ ನೇರವಾಗಿ ಬಂದು ಉರಿಯುತ್ತಿದ್ದ ಫಲಕದ ಮೇಲೆ ಅಂಗೈ ಊರಿ ನಿಂತಳು. ಆಮೇಲೆ ಎಷ್ಟೋ ಅಂಗಡಿಗಳಿಗೆ ಫಲಕ ಮಾಡಿಕೊಟ್ಟೆ. ಆಯಿಯ ಆ ಅಂಗೈಗಿಂತ ದೊಡ್ಡ ಸರ್ಟಿಫಿಕೇಟು ನನಗೆ ಯಾರೂ ಕೊಟ್ಟಿಲ್ಲ.