ಅತ್ತೆಗೆಂದು ಕೊಂಡ ಟ್ರೇಲರು

ಅಮೆರಿಕದ ಕ್ಯಾಂಪ್‌ಬೆಲ್ಲಿನ ಯೋಗಾನಂದನನ್ನು ಕೆಟ್ಟವನೆಂದು ಯಾರೂ ಹೇಳಲಾರರು. ಭಾನುವಾರದ ಕನ್ನಡ ತರಗತಿಗೆ ಮಗಳು ನವ್ಯಾಳನ್ನು ಬಿಡಲು ಬಂದರೆ, ಕುರ್ಚಿಗಳನ್ನೆಲ್ಲ ಸಾಲಾಗಿ ಜೋಡಿಸಿಕೊಟ್ಟೇ ಹೋಗುವನು. ರೆಡ್‌ವುಡ್ ಸಿಟಿಯ ಒಂದು ಸಾಫ್ಟ್‌ವೇರ್ ಆಫೀಸಿನಲ್ಲಿ ಅವನ ಕೆಲಸ. ಮನೆಯಲ್ಲಿ ಹೆಂಡತಿ ಸಿಂಧು, ಮಗಳು, ಮತ್ತು ಸಿಂಧುವಿನ ತಾಯಿ ಲಿಂಗಮ್ಮನವರು.

ಲಿಂಗಮ್ಮನವರು ಮಂಡ್ಯದ ಕಡೆಯವರು. ಅಳಿಯನೊಡನೆ ನೇರವಾಗಿ ಮಾತನಾಡುವ ರೂಢಿ ಅವರಿಗಿಲ್ಲ. ಅಳಿಯನು ಎದುರಿಗೇ ಊಟಕ್ಕೆ ಕುಳಿತಿದ್ದರೂ, “ಸಿಂಧು, ಅವ್ರಿಗೆ ಇನ್ನೊಂದು ಮುದ್ದೆ ಬೇಕಾ ಕೇಳವ್ವ” ಎನ್ನುವರು. ಅವನೂ, “ಅತ್ತೆಗೆ ಸಾಕು ಅಂತ ಹೇಳು ಸಿಂಧು” ಎನ್ನುವನು. ನವ್ಯಾ ನಡುವೆ ಕುಳಿತು, “ಯು ಗೈಸ್ ಆರ್ ಸೋ ವಿಯರ್ಡ್” ಎಂದು ನಗುವಳು.

ಮನೆಯಲ್ಲಿ ನಗುವಿಗೆ ಕಾರಣವಾದ ಈ ರೂಢಿ ಕಾರಿನಲ್ಲಿ ಕಷ್ಟಕ್ಕೆ ಕಾರಣವಾಯಿತು. ಲಿಂಗಮ್ಮನವರಿಗೆ ಸಕ್ಕರೆ ಕಾಯಿಲೆ. ಆಗಾಗ ಬಾತ್‌ರೂಮಿಗೆ ಹೋಗಬೇಕು. ಅಳಿಯನು ಓಡಿಸುವ ಕಾರನ್ನು ಅದಕ್ಕಾಗಿ ನಿಲ್ಲಿಸಿರೆಂದು ಮಗಳ ಬಾಯಿಂದ ಹೇಳಿಸುವುದಕ್ಕೂ ಅವರಿಗೆ ಸಂಕೋಚ. ಹೋದ ಬೇಸಗೆಯಲ್ಲಿ ಯೊಸೆಮಿಟಿಗೆ ಹೋದಾಗ ಅವರು ಬೆಳಗಿನಿಂದ ಒಂದು ಗುಟುಕು ನೀರನ್ನೂ ಕುಡಿಯದೆ ಕುಳಿತಿದ್ದು, ಕಾರಿನಿಂದ ಇಳಿಯುತ್ತಲೇ ತಲೆ ಸುತ್ತಿ ಕುಸಿದರು. ಆಮೇಲೆ ಅವರು ದೂರದ ಪ್ರಯಾಣವನ್ನೇ ಬಿಟ್ಟರು. ರಜೆ ಬಂದರೆ, “ನೀವು ಹೋಗ್ಬನ್ನಿ, ನಾನು ಮನೆ ನೋಡ್ಕತೀನಿ” ಎನ್ನುವರು.

ಇದನ್ನು ಸಹಿಸದೆ ಯೋಗಾನಂದನೇ ಒಂದು ದಾರಿ ಹುಡುಕಿದನು. ಕಾರಿನ ಹಿಂದೆ ಕಟ್ಟಿ ಎಳೆಯುವ, ಒಳಗೇ ಬಾತ್‌ರೂಮಿರುವ ಒಂದು ಕ್ಯಾಂಪರ್ ಟ್ರೇಲರನ್ನು ಕೊಳ್ಳುವುದು, ಅತ್ತೆಗೆ ಕಡಲನ್ನು ತೋರಿಸುವುದು. ಹಾಸಿಗೆ, ಒಲೆ, ಕಕ್ಕಸು ಎಲ್ಲವೂ ಇರುವ ಹಳೆಯ ಟ್ರೇಲರೊಂದನ್ನು ಸ್ಯಾನ್ ಹೋಸೆಯ ನಿವೃತ್ತ ದಂಪತಿಗಳಿಂದ ಕೊಂಡನು. ಓಡುವಾಗ ಅದರೊಳಗೆ ಯಾರೂ ಕೂರುವಂತಿಲ್ಲ, ಆದರೆ ದಾರಿಯಲ್ಲಿ ಎಲ್ಲಿ ನಿಲ್ಲಿಸಿದರೂ ಬಾತ್‌ರೂಮು ಜೊತೆಗೇ ಇರುತ್ತದೆ. ಇಷ್ಟರವರೆಗೆ ಅವನು ಮಾಡಿದ್ದೆಲ್ಲವೂ ಸರಿಯೇ.

ಅದನ್ನು ಎಳೆಯಲು ಅವರ ಸಣ್ಣ ಕಾರಿಗೆ ಶಕ್ತಿಯಿರಲಿಲ್ಲ. ಗಂಡಹೆಂಡಿರು ಓಕ್ಲ್ಯಾಂಡಿನಲ್ಲಿ ಹಳೆಯ ವಾಹನಗಳನ್ನು ಮಾರುವ ಒಂದು ಅಂಗಡಿಗೆ ಹೋದರು. ಅಲ್ಲಿ ಬಿಳಿಯ ಬಣ್ಣದ ದೊಡ್ಡ ಪಿಕಪ್ ಟ್ರಕ್ಕೊಂದು ನಿಂತಿತ್ತು. ಒಳಗೆ ಐದು ಜನ ಕೂರಬಹುದು, ಹಿಂದೆ ಸಾಮಾನು ತುಂಬಬಹುದು.

“ಇದೇ ಸರಿ ಕಣ್ರೀ” ಎಂದಳು ಸಿಂಧು. “ಅಮ್ಮನ ಅಡುಗೆ ಸಾಮಾನು ನೋಡಿದೀರಲ್ಲ.”

“ಇದನ್ನ ತಗೊಂಡ್ಹೋಗಿ ಆಫೀಸಿನ ಪಾರ್ಕಿಂಗಲ್ಲಿ ನಿಲ್ಲಿಸಿದ್ರೆ, ಸಿಂಕ್ ರಿಪೇರಿಗೆ ಬಂದಿದಾನೆ ಅಂದ್ಕೋತಾರೆ.”

“ಅಂದ್ಕೊಂಡ್ರೆ ಅಂದ್ಕೊಳ್ಲಿ. ನಮ್ಮನೆ ಸಿಂಕೂ ಸೋರ್ತಾ ಇದೆ.”

ಅವನು ನಕ್ಕನು, ಆದರೆ ಕೊಂಡದ್ದು ಕಡುನೀಲಿಯ ಎಸ್‌ಯುವಿಯನ್ನು. ಅದು ಐದು ಸಾವಿರ ಪೌಂಡು ಎಳೆಯುತ್ತದೆಂದು ಅಂಗಡಿಯವನು ಹೇಳಿದ್ದು ನಿಜ. ಟ್ರೇಲರಿನ ತೂಕ ಅದಕ್ಕಿಂತ ಕಡಿಮೆಯೆಂಬುದೂ ನಿಜ. ಆದರೆ ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಇನ್ನೊಂದು ಚೀಟಿ ಅಂಟಿಸಿರುತ್ತದೆ. ವಾಹನವು ತನ್ನ ಮೈಮೇಲೆ ಹೊರಬಹುದಾದ ಭಾರವೆಷ್ಟೆಂದು ಅದರಲ್ಲಿ ಬರೆದಿರುತ್ತದೆ. ಒಳಗೆ ಕುಳಿತ ಜನ, ಸಾಮಾನು, ಹಿಂದಿನ ಕೊಂಡಿಯ ಮೇಲೆ ಕೂರುವ ಟ್ರೇಲರಿನ ಮೂತಿಯ ಭಾರ, ಎಲ್ಲವೂ ಅದರೊಳಗೇ ಅಡಗಬೇಕು. ಯೋಗಾನಂದನು ಆ ಚೀಟಿಯನ್ನು ಅಂದೇ ಓದಿದ್ದನು. ಓದಿ ಬಾಗಿಲು ಮುಚ್ಚಿದ್ದನು.

ಮುಂದಿನ ವಾರಗಳಲ್ಲಿ ಬೇಕಾದ ಸಲಕರಣೆಗಳು ಬಂದವು: ಟ್ರೇಲರು ತೂಗಾಡದಂತೆ ಹಿಡಿಯುವ ಕಬ್ಬಿಣದ ತೋಳುಗಳು, ಟ್ರೇಲರಿನ ಬ್ರೇಕನ್ನು ಹತೋಟಿಯಲ್ಲಿಡುವ ಪೆಟ್ಟಿಗೆ, ಚಕ್ರಕ್ಕೆ ಕೊಡುವ ಅಡ್ಡಮಣೆಗಳು, ನೀರಿನ ಪೈಪು. ಇವನ್ನೆಲ್ಲ ಅವನು ಆರಿಸಿದ್ದು ಒಬ್ಬ ಅಮೆರಿಕನ್ ಯುವಕ ಮತ್ತು ಅವನ ಗೆಳತಿಯ ವಿಡಿಯೊಗಳನ್ನು ನೋಡಿ. ಅವರಿಬ್ಬರೂ ಪೊಟ್ಟಣಕ್ಕೆ ಬಿಸಿನೀರು ಸುರಿದು ಊಟ ಮುಗಿಸುವ ಜನ. ಲಿಂಗಮ್ಮನವರು ಹಾಗಲ್ಲ. ಯೋಗಾನಂದನ ಆಫೀಸಿನ ಗೆಳೆಯ, ಮೈಸೂರಿನ ವಾಹಿದನೂ ಅವನ ಹೆಂಡತಿ ಫರೀದಾಳೂ ತಮ್ಮ ವ್ಯಾನಿನಲ್ಲಿ, ಇವರು ಗೊತ್ತುಮಾಡಿದ್ದ ಮೊರೊ ಬೇ ಕಡಲತೀರದ ಕ್ಯಾಂಪಿಗೇ ಬರುತ್ತಾರೆಂದು ತಿಳಿದ ಗಳಿಗೆಯಿಂದ ಲಿಂಗಮ್ಮನವರು ಅಡುಗೆಗೆ ಅಣಿಯಾಗತೊಡಗಿದರು. ಗ್ರೈಂಡರು, ಹತ್ತು ಲೀಟರಿನ ಕುಕ್ಕರು, ಅಕ್ಕಿಯ ಚೀಲ, ರಾಗಿಹಿಟ್ಟಿನ ಡಬ್ಬ, ದೊಡ್ಡ ದೊಡ್ಡ ಪಾತ್ರೆಗಳು.

“ಅಮ್ಮ, ನಾವು ಹೋಗ್ತಿರೋದು ಎರಡು ದಿನಕ್ಕೆ. ಮದುವೆಗಲ್ಲ.”

“ಪಕ್ಕದ ಟ್ರೇಲರ್ನೋರು ನೋಡ್ತಾ ಕುಂತಿರ್ತಾರೆ, ನಾವು ಮಾತ್ರ ಉಣ್ಣಕಾಯ್ತದಾ? ಸುಮ್ನೆ ಮಡಗು.”

ಹೊರಡುವ ಹಿಂದಿನ ದಿನ ಸಂಜೆ ಯೋಗಾನಂದನು ಟ್ರೇಲರನ್ನು ಕೊಂಡಿಗೆ ಸಿಕ್ಕಿಸಿದನು. ಸಾಮಾನೆಲ್ಲ ತುಂಬಿದ್ದ ಎಸ್‌ಯುವಿಯ ಹಿಂಭಾಗವು ಕುಸಿದು, ಮೂತಿ ಮೇಲೆದ್ದಿತು. ನಾಳೆಯ ಮಾತಾಡಲು ಬಂದಿದ್ದ ವಾಹಿದನು ಸುತ್ತಲೂ ಒಂದು ಬಳಸು ನಡೆದು ನೋಡಿದನು.

“ಏನಪ್ಪಾ ಯೋಗಿ, ಮೊರೊ ಬೇಗೆ ಹಾರ್ಕೊಂಡು ಹೋಗ್ತೀಯಾ?”

ಬಾಗಿಲಲ್ಲಿ ನಿಂತಿದ್ದ ಲಿಂಗಮ್ಮನವರು ಮಗಳನ್ನು ಕೇಳಿದರು: “ಏನಾಯ್ತಂತೆ?”

ಆಗ ಯೋಗಾನಂದನು ನಿಜವನ್ನು ಹೇಳಬಹುದಿತ್ತು. ವಾಹಿದನು ನಗುತ್ತಿದ್ದನು, ಸಿಂಧು ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು. ಆದರೆ ಅವನು, “ಸಾಮಾನು ಜಾಸ್ತಿ ಆಯ್ತು ಅಂತ ಹೇಳು” ಎಂದನು ಅವಳಿಗೆ. “ಇಷ್ಟೊಂದು ಪಾತ್ರೆ ತುಂಬಿದ್ರೆ ಯಾವ ಗಾಡಿ ತಡೆಯುತ್ತೆ?”

ಲಿಂಗಮ್ಮನವರು ಗ್ರೈಂಡರನ್ನೂ ಚೀಲವನ್ನೂ ಪಾತ್ರೆಗಳನ್ನೂ ಒಂದೊಂದಾಗಿ ತಾವೇ ಇಳಿಸತೊಡಗಿದರು. ಎಲ್ಲವೂ ಇಳಿದ ಮೇಲೆ ಹಿಂಭಾಗವು ಸ್ವಲ್ಪ ಎದ್ದಿತು, ಸಾಕಾಗುವಷ್ಟು ಏಳಲಿಲ್ಲ. ಆಗ ನವ್ಯಾ ಬಾಗಿಲಿನ ಚೀಟಿಯನ್ನು ಓದಿ, “ಇಟ್ ಸೇಸ್ ಪೀಪಲ್ ಕೌಂಟ್ ಟೂ, ಅಜ್ಜಿ. ಜನಾನೂ ಸೇರಿ” ಎಂದಳು.

“ಹೌದಾ ಮಗಾ?” ಎಂದಷ್ಟೇ ಹೇಳಿ ಅಜ್ಜಿ ಒಳಗೆ ಹೋದರು.

ಬೆಳಗ್ಗೆ ಅವರು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅಡುಗೆಮನೆಯಲ್ಲಿ ಎಂದಿನಂತೆ ನಿಂತಿದ್ದರು. “ಮಂಡಿ ಹಿಡ್ಕಂಡದೆ ಕಣವ್ವ. ನೀವು ಹೋಗ್ಬನ್ನಿ. ಜವರಮ್ಮಂಗೆ ಫೋನ್ ಮಾಡಿವ್ನಿ, ಅವರ ಮನೇಲಿ ಇರ್ತೀನಿ.” ಜವರಮ್ಮನು ಎರಡು ಬೀದಿಗಳಾಚೆ ಇರುವ ಅವರ ಗೆಳತಿ.

ಸಿಂಧು ಎಷ್ಟು ಹೇಳಿದರೂ ಅವರು ಒಪ್ಪಲಿಲ್ಲ. ಯೋಗಾನಂದನು ಹಜಾರದಲ್ಲಿ ನಿಂತು ಇದನ್ನೆಲ್ಲ ಕೇಳಿದನು. ಅವನ ಮನಸ್ಸಿಗೆ ಮೊದಲು ಬಂದದ್ದು ನೋವಲ್ಲ, ಲೆಕ್ಕ. ಅತ್ತೆಯೊಬ್ಬರು ಇಳಿದರೆ ಚೀಟಿಯಲ್ಲಿದ್ದ ಭಾರಕ್ಕೆ ಸರಿಹೋಗುತ್ತಿತ್ತು. ಎದೆ ಹಗುರವಾಯಿತು. ಹಗುರವಾಯಿತೆಂದು ಅರಿವಾದೊಡನೆ ಅವನು ಅಲ್ಲಿ ನಿಲ್ಲಲಾರದೆ ಹೊರಗೆ ಬಂದನು.

ಸ್ವಲ್ಪ ಹೊತ್ತಿಗೆ ಲಿಂಗಮ್ಮನವರೂ ನವ್ಯಾಳ ಕೈ ಹಿಡಿದು ಹೊರಗೆ ಬಂದರು. ಟ್ರೇಲರಿನ ಒಳಗೆ ಹತ್ತಿದರು. ಹಾಸಿಗೆಯನ್ನು ಒತ್ತಿ ನೋಡಿದರು. ಬಾತ್‌ರೂಮಿನ ಬಾಗಿಲು ತೆರೆದು, ಚಿಲಕ ಹಾಕಿ, ತೆಗೆದರು. “ವೈನಾಗದೆ” ಎಂದು ಮೊಮ್ಮಗಳೊಡನೆ ಮೆಚ್ಚಿಕೊಂಡರು. ಮಂಡಿ ನೋಯುವವರಂತೆ ಅವರು ಮೆಟ್ಟಿಲು ಇಳಿಯಲಿಲ್ಲ.

“ಅತ್ತೆ” ಎಂದನು ಯೋಗಾನಂದ.

ಲಿಂಗಮ್ಮನವರು ಅಭ್ಯಾಸದಂತೆ ಮಗಳಿಗಾಗಿ ತಿರುಗಿ ನೋಡಿದರು. ಸಿಂಧು ಬಾಗಿಲ ಬಳಿಯಿದ್ದಳು. ಅವನು ಅವಳತ್ತ ತಿರುಗಲಿಲ್ಲ.

“ನಿಮ್ಮ ಪಾತ್ರೆದು ತಪ್ಪಲ್ಲ ಅತ್ತೆ. ನಿಮ್ಮದೂ ಅಲ್ಲ. ಸಿಂಧು ದೊಡ್ಡ ಗಾಡಿ ತೋರಿಸಿದ್ಲು. ಆಫೀಸಲ್ಲಿ ನೋಡಿದೋರು ಏನಂತಾರೋ ಅಂತ ನಾನೇ ಬೇಡ ಅಂದೆ. ಈ ಗಾಡಿ ಸಾಲಲ್ಲ ಅಂತ ಅವತ್ತೇ ಗೊತ್ತಿತ್ತು. ನಿನ್ನೆ ಎಲ್ಲಾರ ಮುಂದೆ ನಿಮ್ಮ ಮೇಲೆ ಹಾಕಿಬಿಟ್ಟೆ.”

ಲಿಂಗಮ್ಮನವರು ನೆಲ ನೋಡುತ್ತ ಮಗಳಿಗೆ ಹೇಳಿದರು: “ಸಿಂಧು, ಬಣ್ಣ ನೋಡಿ ಎತ್ತು ತಂದವ್ರೆ, ನಿಮ್ಮಪ್ಪ ಇದ್ದಿದ್ರೆ ಏನನ್ನೋರು ಅಂತ ಕೇಳು.”

“ನಾನು ಕೇಳಲ್ಲ. ಅವ್ರು ನಿನ್ನ ಎದುರಿಗೇ ಇದಾರೆ, ನೀನೇ ಕೇಳು” ಎಂದಳು ಸಿಂಧು. ಅವಳ ದನಿಯಲ್ಲಿ ಕೋಪವಿತ್ತು; ಅದು ತಾಯಿಯ ಮೇಲಲ್ಲ.

ಅಷ್ಟರಲ್ಲಿ ವಾಹಿದನ ವ್ಯಾನು ಬಂದಿತು. ನಡೆದದ್ದನ್ನು ಕೇಳಿ ಫರೀದಾ ಹೇಳಿದಳು: “ಇದಕ್ಯಾಕೆ ಇಷ್ಟು ಯೋಚ್ನೆ? ಸಿಂಧು, ನವ್ಯಾ ಇಬ್ರೂ ನಮ್ಮ ಜೊತೆ ಬರ್ಲಿ. ಪಾತ್ರೆನೂ ನಮ್ಮಲ್ಲೇ ಹಾಕಿ. ಆಂಟಿ ಈ ಗಾಡೀಲೇ ಕೂತ್ಕೊಳ್ಲಿ, ಬಾತ್‌ರೂಮು ಅವರ ಹಿಂದೇನೇ ಬರುತ್ತೆ.”

“ಅತ್ತೆ ಅಳಿಯ ಇಬ್ರೇನಾ?” ಎಂದನು ವಾಹಿದ. “ಮೊರೊ ಬೇ ತನಕ ಕಾರಲ್ಲಿ ಕರ್ಫ್ಯೂ.”

ಲಿಂಗಮ್ಮನವರು ಬಹಳ ಹೊತ್ತು ಯೋಚಿಸಿದರು. ಆಮೇಲೆ ಒಳಗೆ ಹೋಗಿ ಜವರಮ್ಮನಿಗೆ ಫೋನ್ ಮಾಡಿ, ಬರುವುದಿಲ್ಲವೆಂದು ಹೇಳಿ, ಚಪ್ಪಲಿ ಮೆಟ್ಟಿ ಬಂದರು.

ವ್ಯಾನು ಮುಂದೆ ಹೋಯಿತು. ಟ್ರೇಲರು ಕಟ್ಟಿದವರು ಗಂಟೆಗೆ ಐವತ್ತೈದು ಮೈಲಿಗಿಂತ ವೇಗವಾಗಿ ಹೋಗುವಂತಿಲ್ಲ. ಗಿಲ್‌ರಾಯ್ ದಾಟಿತು, ಸಲೀನಾಸ್ ದಾಟಿತು. ಮುಂದಿನ ಸೀಟಿನಲ್ಲಿ ಲಿಂಗಮ್ಮನವರು ಕೈಕಟ್ಟಿ ಕುಳಿತಿದ್ದರು. ಕೊಯ್ಲು ನಡೆದಿದ್ದ ಎಲೆಕೋಸಿನ ಹೊಲಗಳನ್ನು ನೋಡುತ್ತ ಒಮ್ಮೆ, “ಎಷ್ಟೊಂದು ಜನ ಬಗ್ಗವ್ರೆ” ಎಂದರು. ಅದನ್ನು ಯಾರಿಗೆ ಹೇಳಿದರೆಂದು ತಿಳಿಯದೆ ಯೋಗಾನಂದನು ಸುಮ್ಮನಿದ್ದನು. ಕೇಳಬೇಕೋ ಬೇಡವೋ ಎಂದು ಹತ್ತು ಮೈಲಿಯುದ್ದಕ್ಕೂ ತೂಗಿ ನೋಡಿ, ಕೊನೆಗೆ ಕೇಳಿದನು:

“ಅತ್ತೆ, ನಿಲ್ಲಿಸ್ಲಾ?”

ಅವರು ಕಿಟಕಿಯ ಕಡೆಗೇ ಮುಖ ಮಾಡಿದ್ದರು. ಹೆದ್ದಾರಿಯಿಂದ ಇಳಿಯುವ ಒಂದು ಎಕ್ಸಿಟ್ ಹಿಂದೆ ಸರಿಯಿತು. ಇನ್ನೊಂದರ ಫಲಕ ಕಾಣಿಸುತ್ತಿದ್ದಂತೆ, “ಹೂಂ, ನಿಲ್ಸಿ” ಎಂದರು.

ಅವನು ಫ್ರೀವೇಯಿಂದ ಇಳಿದು, ಹಣ್ಣಿನಂಗಡಿಯೊಂದರ ಹಿಂದಿನ ಅಗಲವಾದ ಬಯಲಿನಲ್ಲಿ ಟ್ರೇಲರನ್ನು ನಿಲ್ಲಿಸಿದನು. ಮೆಟ್ಟಿಲನ್ನು ಎಳೆದು ಕೊಟ್ಟು, ಬಾಗಿಲು ತೆರೆದು, ತಾನು ದೂರ ಹೋಗಿ ಅತ್ತ ತಿರುಗಿ ನಿಂತನು.

ಬಂದವರೇ ಲಿಂಗಮ್ಮನವರು ಸೀಟಿನಲ್ಲಿ ಕುಳಿತು, “ನೀವು ಬಾಯಿ ಬುಟ್ಟು ಯೋಳಿದ್ದು ವೈನಾಯ್ತು” ಎಂದರು. “ನಿನ್ನೆಯಿಂದ ನನ್ನ ಜೀವಕ್ಕೆ ನಾನೇ ಭಾರ ಅನ್ನಂಗಾಗಿತ್ತು.”

ಯೋಗಾನಂದನು ತಲೆಯಾಡಿಸಿ ಕಾರು ಹೊರಡಿಸಿದನು. ಟ್ರಕ್ಕಿನ ಸಂಗತಿ ಹೇಳಿದ್ದಾಗಿತ್ತು. ಬೆಳಗ್ಗೆ ಹಜಾರದಲ್ಲಿ ನಿಂತಾಗ ತನ್ನ ಎದೆ ಹಗುರವಾದ ಸಂಗತಿಯನ್ನು ಹೇಳಿರಲಿಲ್ಲ. ಅದನ್ನು ಆ ದಾರಿಯಲ್ಲೂ ಹೇಳಲಿಲ್ಲ, ಆಮೇಲೆಯೂ ಹೇಳಲಿಲ್ಲ. ಕಿಂಗ್ ಸಿಟಿಯ ಬಳಿ ಅತ್ತೆಯವರು ಎರಡನೆಯ ಸಲ, ಅವನು ಕೇಳುವ ಮೊದಲೇ, ನಿಲ್ಲಿಸಲು ಹೇಳಿದರು. ಅವನು ಒಡನೆಯೇ ನಿಲ್ಲಿಸಿದನು.