ಬೀಳಗಿ ದಾರಿಯ ನೀರು

ಬನಹಟ್ಟಿಯಿಂದ ನಾವು ಹೊರಟದ್ದು ಮೇ ತಿಂಗಳ ಅಮಾವಾಸ್ಯೆಯ ದಿನ, ಬೆಳಿಗ್ಗೆ ಆರೂವರೆಗೆ. ಆರಕ್ಕೇ ಹೊರಡಬೇಕಿತ್ತು. ಯೋಜನೆ ಹಾಕಿದವನು ನಾನು, ಅರ್ಧ ತಾಸು ತಡ ಮಾಡಿದವನೂ ನಾನೇ. ಬಾಡಿಗೆ ಟೆಂಪೋ ಬಾಗಿಲಿಗೆ ಬಂದು ನಿಂತ ಮೇಲೆ ಮಗ್ಗದ ಸ್ವಿಚ್ಚು ತೆಗೆದೆನೋ ಇಲ್ಲವೋ ಎಂಬ ಅನುಮಾನ ಬಂದು ಎರಡು ಸಲ ಒಳಗೆ ಹೋಗಿ ಬಂದೆ. ಅಮಾವಾಸ್ಯೆಗೆ ನಮ್ಮ ಓಣಿಯಲ್ಲಿ ಮಗ್ಗ ನಡೆಸುವುದಿಲ್ಲ. ತಿಂಗಳಿಡೀ ಖಟಖಟ ಎನ್ನುವ ಓಣಿ ಅವತ್ತು ಸುಮ್ಮನಿರುತ್ತದೆ. ಊರಿಗೆ ಹೋಗುವುದು, ದವಾಖಾನೆಗೆ ಹೋಗುವುದು, ಗೋಡೆಗೆ ಸುಣ್ಣ ಹಚ್ಚುವುದು ಎಲ್ಲವೂ ಅದೇ ದಿನ. ವಾಟರ್ ಪಾರ್ಕಿಗೆ ಹೋಗಲು ಬೇರೆ ದಿನ ಇರಬಹುದೆಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಗಾಡಿಯಲ್ಲಿ ನಾನು, ಹೆಂಡತಿ ಶೈಲಾ, ಮಗಳು ಪೂಜಾ, ಮಗ ಸಂಗು ಮತ್ತು ನನ್ನ ತಾಯಿ ನೀಲವ್ವ. ಮುಧೋಳದಲ್ಲಿ ತಂಗಿ ಸುಮಿತ್ರಾ ತನ್ನ ಇಬ್ಬರು ಮಕ್ಕಳೊಂದಿಗೆ ಹತ್ತಿಕೊಳ್ಳಬೇಕಿತ್ತು. ಚಾಲಕ ಇಮಾಮಸಾಬ್ ನಮ್ಮ ಓಣಿಯವನೇ, ಅರವತ್ತರ ಸಮೀಪದವನು, ಮಾತು ಕಡಿಮೆ.

ಈ ಪ್ರವಾಸದ ಮೂಲ ಅವ್ವನ ಕಣ್ಣು. ಅವಳು ನಲವತ್ತು ವರ್ಷ ನಮ್ಮ ಮನೆಯಲ್ಲಿ ಕಂಡಿಕೆ ಸುತ್ತಿದವಳು, ಅಂದರೆ ಮಗ್ಗದ ಲಾಳಿಗೆ ನೂಲು ತುಂಬಿ ಕೊಟ್ಟವಳು. ಹರಿದ ಎಳೆ ಮೊದಲು ಕಾಣುತ್ತಿದ್ದದ್ದು ಅವಳಿಗೇ. ಈಚೆಗೆ ಬರಿಯ ಬೆರಳಿನಿಂದ ಮುಟ್ಟಿ ಹುಡುಕತೊಡಗಿದಳು. ಜಮಖಂಡಿಯ ಕಣ್ಣಿನ ಡಾಕ್ಟರು ನನ್ನನ್ನು ಹೊರಗೆ ಕರೆದು, "ನರಾ ಒಣಗ್ಯಾವು. ಹ್ವಾದ ದೃಷ್ಟಿ ತಿರುಗಿ ಬರಂಗಿಲ್ರಿ. ಉಳದದ್ದೂ ಭಾಳ ದಿನ ಇರೂದಿಲ್ಲ. ಏನರ ನೋಡೂದಿದ್ರ ತೋರಿಸಿಬಿಡ್ರಿ" ಎಂದರು. ಹಗಲ ಬೆಳಕಿನಲ್ಲಿ ಅವಳಿಗೆ ಎದುರಿನದು ಅಷ್ಟಿಷ್ಟು ಕಾಣುತ್ತಿತ್ತು. ದೀಪ ಹಚ್ಚುವ ಹೊತ್ತಾದರೆ ಏನೂ ಇಲ್ಲ.

ಆ ವಾರವೇ ಅವಳನ್ನು ಕೇಳಿದೆ. "ಎಲ್ಲಿಗರ ಹೋಗಿ ಬರೂಣು. ನಿನಗೇನ ನೋಡಬೇಕ ಅನಸ್ತೈತಿ ಹೇಳಬೇ."

"ನನಗೇನೋ ಯಪ್ಪಾ. ಹುಡುಗೂರು ಎಲ್ಲಿಗಿ ಅಂತಾವು?"

"ಅವು ಬೀಳಗಿ ಕಡೆ ಹೊಸಾ ವಾಟರ್ ಪಾರ್ಕ್ ಆಗೈತಿ, ಅಲ್ಲಿಗೇ ಹೋಗೂದು ಅಂತ ಕುಣ್ಯಾಕತ್ತಾವು."

ಅವ್ವನ ಕೈ ರಾಟೆಯ ಮೇಲೆ ನಿಂತಿತು. "ಬೀಳಗಿ ಕಡೆನಾ? ಹಂಗಾರ ನಾನೂ ಬರ್ತೇನಿ" ಎಂದಳು.

ಅವ್ವನ ತವರೂರು ಬೀಳಗಿ ಕಡೆಯದು. ಆಣೆಕಟ್ಟಿನ ಹಿನ್ನೀರು ಬಂದಾಗ ಆ ಊರು ಮುಳುಗಿತು. ಜನ ಎತ್ತರದ ಹೊಸ ಊರಿಗೆ ಹೋದರು, ಅಜ್ಜ ಅಲ್ಲಿಗೆ ಹೋದ ವರ್ಷವೇ ತೀರಿಕೊಂಡ, ಒಬ್ಬನೇ ಸೋದರಮಾವನೂ ಈಗಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಅವ್ವನ ಕೈ ರಾಟೆಯ ಮೇಲೆ ನಿಂತದ್ದನ್ನೂ ಕಂಡಿದ್ದೆ. ಎರಡನ್ನೂ ಕೂಡಿಸಿ ನೋಡುವ ಬುದ್ಧಿ ಮಾತ್ರ ಬರಲಿಲ್ಲ. ಮೊಮ್ಮಕ್ಕಳು ನೀರಿನಲ್ಲಿ ಕುಣಿಯುವುದನ್ನು ನೋಡಬೇಕೆಂದಿದ್ದಾಳೆ ಎಂದು ನಾನೇ ತೀರ್ಮಾನಿಸಿ ಹಾಳೆಯ ಮೇಲೆ ಸಮಯ, ದಾರಿ, ಬುತ್ತಿ ಎಲ್ಲ ಬರೆದು ಗೋಡೆಗೆ ಅಂಟಿಸಿದೆ. ಅಂಥ ಹುಚ್ಚು ನನಗೆ ಮೊದಲಿನಿಂದಲೂ ಇದೆ.

ಜಮಖಂಡಿ ತಲುಪಿದಾಗ ಏಳೂಕಾಲು. ಬಸ್ ನಿಲ್ದಾಣದ ಎದುರು ಚಹಾ ಕುಡಿದೆವು. ಆ ಹೊತ್ತಿಗೇ ಬಿಸಿಲು ಚುರುಗುಟ್ಟುತ್ತಿತ್ತು. ಅವ್ವ ಗಾಡಿಯಿಂದ ಇಳಿಯಲಿಲ್ಲ, ತೊಡೆಯ ಮೇಲೆ ಒಂದು ಬಟ್ಟೆಯ ಗಂಟು ಇಟ್ಟುಕೊಂಡು ಕುಳಿತಿದ್ದಳು. ಅದರಲ್ಲೇನಿದೆ ಆಯಿ ಎಂದು ಸಂಗು ಅಜ್ಜಿಯನ್ನು ಕೇಳಿದ್ದಕ್ಕೆ "ಆಯಿದು ಏನೋ ಇರ್ತೈತಿ, ನಿನಗ್ಯಾಕ?" ಎಂದು ನಕ್ಕಳಂತೆ. ಅವತ್ತು ಅವಳು ನಕ್ಕದ್ದು ಅದೊಂದೇ ಸಲ, ಅದನ್ನೂ ನಾನು ನೋಡಲಿಲ್ಲ.

ಜಮಖಂಡಿಯಿಂದ ಬೀಳಗಿಗೆ ನೇರ ರಸ್ತೆಯಿದೆ. ಸುಮಿತ್ರಾಳಿಗಾಗಿ ಮುಧೋಳಕ್ಕೆ ತಿರುಗಿದೆವು. ಎರಡೂ ಕಡೆ ಕಬ್ಬು, ಕೂಳೆ ಸುಟ್ಟ ಕರಿ ಹೊಲ, ಮತ್ತೆ ಕಬ್ಬು. ತಂಗಿಯ ಮನೆಯಲ್ಲಿ ಹತ್ತು ನಿಮಿಷ ಎಂದು ಹಾಳೆಯಲ್ಲಿ ಬರೆದಿದ್ದೆ. ಅವಳು ಒಗ್ಗರಣೆ ಅವಲಕ್ಕಿ ಮಾಡಿದಳು, ಮಿರ್ಚಿ ಭಜಿ ಕರಿದಳು, ಆಮೇಲೆ ತಲೆ ಬಾಚಿಕೊಂಡಳು. ಒಂದೂಕಾಲು ತಾಸು ಹೋಯಿತು. ನಾನು ಅಂಗಳದಲ್ಲಿ ಶತಪಥ ತಿರುಗಿದೆ. "ಅಣ್ಣಾ, ಗಡಿಯಾರ ನುಂಗಿದಾವ್ರಂಗ ಮಾಡಬ್ಯಾಡ, ಪಾರ್ಕ್ ಓಡಿ ಹೊಕ್ಕೈತೇನು?" ಎಂದು ಅವಳು ನನ್ನನ್ನೇ ಬೈದಳು.

ಮುಧೋಳ ಬಿಟ್ಟ ಮೇಲೆ ಅವ್ವ ಕಿಟಕಿಯ ಪಕ್ಕ ಸರಿದು ಕುಳಿತಳು. "ಬೀಳಗಿ ಬಂತೇನು?" ಎಂದು ಮೂರು ಸಲ ಕೇಳಿದಳು. ಮೂರನೆಯ ಸಲ ನಾನು, "ಬಂದ್ರ ಹೇಳ್ತೇನಲ್ಲಬೇ, ಸುಮ್ಮ ಕೂಡು" ಎಂದೆ. ಬೀಳಗಿ ಬಂದಾಗ ಹೇಳಲಿಲ್ಲ. ಫೋನಿನಲ್ಲಿ ದಾರಿ ನೋಡುತ್ತಿದ್ದೆ.

ಪಾರ್ಕಿನ ಬಾಗಿಲು ತಲುಪಿದಾಗ ಹನ್ನೊಂದು ಹತ್ತು. ಬಣ್ಣ ಬಳಿದ ಆನೆಯೊಂದು ಸೊಂಡಿಲಿನಿಂದ ನೀರು ಉಗುಳುತ್ತಿತ್ತು. ಮಕ್ಕಳು ಕೇಕೆ ಹಾಕಿದವು. ಅವ್ವ ಗಾಡಿಯಿಂದಿಳಿದು, ನೀರಿನ ಸದ್ದು ಕೇಳಿ, ಚಪ್ಪಲಿ ಕಳೆದು ಬರಿಗಾಲಲ್ಲಿ ನಿಂತಳು.

"ಇಲ್ಲ್ಯಾಕ ಚಪ್ಪಲಿ ತಗೀತಿಬೇ? ನೆಲ ಕಾದೈತಿ" ಎಂದೆ.

ಬಾಗಿಲಿನ ಕಾವಲುಗಾರ ಚೀಲಗಳನ್ನು ತಪಾಸಣೆ ಮಾಡುತ್ತಿದ್ದ. ನಮ್ಮ ರೊಟ್ಟಿ, ಶೇಂಗಾ ಹಿಂಡಿ, ಮೊಸರಿನ ಡಬ್ಬಿ ಎಲ್ಲ ವಾಪಸ್ಸು ಗಾಡಿಗೆ ಹೋದವು. ಹೊರಗಿನ ತಿನಿಸು ಒಳಗೆ ಬಿಡುವುದಿಲ್ಲವಂತೆ. ಅವ್ವನ ಗಂಟು ಬಿಚ್ಚಿಸಿದ. ಒಂದು ತೆಂಗಿನಕಾಯಿ, ಹಸಿರು ಖಣದ ಕುಬುಸದ ತುಂಡು, ಎಲೆ ಅಡಿಕೆ, ಉತ್ತತ್ತಿ, ಕೊಬ್ಬರಿ ಬಟ್ಟಲು, ಕಾಗದದಲ್ಲಿ ಕಟ್ಟಿದ ಅರಿಷಿಣ ಕುಂಕುಮ.

"ಇವು ನಡೆಂಗಿಲ್ರಿ ಯಜಮಾನರ" ಎಂದ ಕಾವಲುಗಾರ.

ನನಗೆ ಹಿಂದೆ ನಿಂತ ಜನರೆದುರು ನಾಚಿಕೆಯಾಯಿತು. "ಇಲ್ಲೇನ್ ಗುಡಿ ಐತೇನಬೇ? ಎಲ್ಲಾ ಕಡೆ ಇದೊಂದ ಚಾಳಿ ನಿಂದು" ಎಂದು ಗಂಟನ್ನು ಕಸಿದುಕೊಂಡು ಇಮಾಮಸಾಬನ ಕೈಗೆ ಕೊಟ್ಟೆ. ಅವ್ವ ಕಾವಲುಗಾರನ ಕಡೆ ಮುಖ ಮಾಡಿ, "ಇದು ಹೊಳಿ ನೀರೇನಪ್ಪಾ?" ಎಂದಳು.

"ಬೋರಿನ ನೀರ ಬೇ ಆಯಿ. ಹೊಳಿ ಇಲ್ಲೆಲ್ಲೈತಿ? ಅದು ಆ ಕಡೆ ಉಳೀತು."

ಅವ್ವ "ಹೌದಾ" ಎಂದಳು. ಆಮೇಲೆ ಚಪ್ಪಲಿ ಮೆಟ್ಟಿಕೊಂಡಳು. ಎಂಥ ಮೂರ್ಖನಾದರೂ ಅಲ್ಲಿಗಾದರೂ ತಿಳಿದುಕೊಳ್ಳಬೇಕಿತ್ತು. ನಾನು ಟಿಕೆಟ್ಟಿನ ಸಾಲಿನಲ್ಲಿ ನಮ್ಮ ಜಾಗ ಹೋದೀತೆಂದು ಓಡಿದೆ.

ಒಳಗೆ ಸೀರೆ, ಧೋತರ, ನೂಲಿನ ಬಟ್ಟೆ ಯಾವುದೂ ನೀರಿಗೆ ನಡೆಯುವುದಿಲ್ಲ, ನೈಲಾನಿನ ಉಡುಪು ಬಾಡಿಗೆಗೆ ಪಡೆಯಬೇಕು ಎಂದು ಫಲಕವಿತ್ತು. ಸೀರೆ ನೇಯುವ ಮನೆಯವರಿಗೆ ಇದೊಂದು ಮರ್ಯಾದೆ! ಶೈಲಾ ಮತ್ತು ಸುಮಿತ್ರಾ ನೀಲಿ ಪ್ಯಾಂಟು ತೊಟ್ಟು ನಾಚಿ ನಾಚಿ ಬಂದರು, ಹತ್ತು ನಿಮಿಷದಲ್ಲಿ ನಾಚಿಕೆ ಬಿಟ್ಟು ಮಕ್ಕಳಿಗಿಂತ ಹೆಚ್ಚು ಕಿರುಚಿದರು. ಅವ್ವ ತಗಡಿನ ನೆರಳಿನ ಬೆಂಚಿನ ಮೇಲೆ ಕುಳಿತಳು. ಮಧ್ಯಾಹ್ನ ಕ್ಯಾಂಟೀನಿನ ಪಲಾವ್ ತಂದುಕೊಟ್ಟರೆ ಹಸಿವಿಲ್ಲ ಎಂದಳು. ಪೂಜಾ ಎತ್ತರದ ಜಾರುಬಂಡೆಯಿಂದ ಇಳಿಯುವಾಗ ನಾನು ಅವ್ವನ ಗಲ್ಲ ಹಿಡಿದು ಆ ಕಡೆ ತಿರುಗಿಸಿ, "ನೋಡಬೇ, ಆ ಕೆಂಪ ಅಂಗಿ, ಪೂಜಾ!" ಎಂದೆ. "ನೋಡಿದೆ, ಛಲೋ ಐತಿ" ಎಂದಳು. ಅಷ್ಟೊತ್ತಿಗೆ ಪೂಜಾ ಇಳಿದು ಹೋಗಿಯಾಗಿತ್ತು. ನಾನು ಹಾಳೆಯಲ್ಲಿ ಬರೆದ ಕೆಲಸ ಮುಗಿದಂತೆ ಸಮಾಧಾನಪಟ್ಟೆ.

ಸಂಜೆ ಐದರ ಸುಮಾರಿಗೆ ಶೈಲಾ ತಲೆ ಒರೆಸಿಕೊಳ್ಳುತ್ತ ಅವ್ವನ ಬಳಿ ಕುಳಿತಿದ್ದವಳು ಎದ್ದು ನನ್ನ ಕಡೆ ಬಂದಳು.

"ಅತ್ತಿ ಯಾಕ ಬಂದಾರ ಗೊತ್ತೈತೇನ್ರಿ ನಿಮಗ? ತವರ ನೋಡಾಕ ಬಂದಾರ್ರಿ. ಹೊಳಿ ಗಂಗವ್ವಗ ಉಡಿ ತುಂಬಾಕ ಅಂತ ಗಂಟ ಕಟಗೊಂಡ ಬಂದಿದ್ರಂತ. ನೀವು ಕಸಗೊಂಡ ಗಾಡ್ಯಾಗ ಒಗದೀರಿ."

ನಾನು ಅವ್ವನೆದುರು ಕುಕ್ಕರಗಾಲಲ್ಲಿ ಕುಳಿತೆ. "ಮುಂಜಾನೇನ ಯಾಕ ಹೇಳಲಿಲ್ಲಬೇ? ಒಂದ ಮಾತು ಹೇಳಿದ್ರ ಮದಲ ಅಲ್ಲಿಗೇ ಹೋಗ್ತಿದ್ದಿವಿ."

"ತವರಿಗಿ ಹೆಣ್ಣಮಗಳು ತಾನಾಗೇ ಹೊಕ್ಕೇನಿ ಅನಬಾರದೋ ಯಪ್ಪಾ. ಕರಿಯಾಕ ಬರಬೇಕು. ನಿಮ್ಮಜ್ಜ ಬರ್ತಿದ್ದ, ನಿಮ್ಮ ಮಾಂವ ಬರ್ತಿದ್ದ. ಈಗ ಯಾರದಾರ ಕರಿಯಾಕ? ನೀ ಬೀಳಗಿ ಕಡೆ ಅಂದಿ. ಅದನ್ನ ಕರದಂಗ ತಿಳ್ಕೊಂಡೆ."

"ಏಳು, ಈಗಿಂದೀಗ ಹೋಗೂಣು" ಎಂದೆ. ಆದರೆ ಮಕ್ಕಳು ಅಲೆಯ ಕೊಳದಲ್ಲಿದ್ದವು. ಐದೂವರೆಗೆ ಕೊನೆಯ ಅಲೆ, ಅದನ್ನು ಆಡಿಯೇ ಬರುತ್ತೇವೆ ಎಂದು ನಾಲ್ಕೂ ಕೂಡಿ ಅಳು ಮೋರೆ ಮಾಡಿದವು. ಅವ್ವ, "ಆಡ್ಲಿ ಬಿಡೋ, ವರ್ಷಕ್ಕೊಮ್ಮಿ. ನೀರ ಎಲ್ಲಿ ಓಡಿ ಹೊಕ್ಕೈತಿ?" ಎಂದಳು. ನಾನು ಒಪ್ಪಿದೆ. ಆ ಒಪ್ಪಿಗೆಗೆ ಇವತ್ತಿಗೂ ನನ್ನನ್ನು ನಾನು ಬೈದುಕೊಳ್ಳುತ್ತೇನೆ. ಅಲೆ ಮುಗಿದು, ಬಟ್ಟೆ ಬದಲಿಸಿ, ಬಾಡಿಗೆ ಉಡುಪು ಮರಳಿಸುವ ಸಾಲಿನಲ್ಲಿ ನಿಂತು, ಸಂಗುವಿನ ಕಳೆದ ಚಪ್ಪಲಿ ಹುಡುಕಿ ಹೊರಬಿದ್ದಾಗ ಆರೂಕಾಲು.

ಇಮಾಮಸಾಬನಿಗೆ ದಾರಿ ಗೊತ್ತಿತ್ತು. ಊರು ಎಬ್ಬಿಸುವಾಗ ಜನರ ಸಾಮಾನು ಹೊತ್ತ ಲಾರಿಯಲ್ಲಿ ಅವನು ಕ್ಲೀನರ್ ಆಗಿದ್ದನಂತೆ. "ಮುಂಜಾನೆ ಹೇಳಿದ್ರ ಎಂಟಕ್ಕ ಮುಟ್ಟಸ್ತಿದ್ದೆ" ಎಂದಷ್ಟೇ ಹೇಳಿ ಗಾಡಿಯನ್ನು ಜೋರಾಗಿ ಬಿಟ್ಟ. ಡಾಂಬರು ಮುಗಿದು ಕಚ್ಚಾ ರಸ್ತೆ ಬಂತು. ಒಂದು ಕಡೆ ಕಬ್ಬಿನ ಟ್ರ್ಯಾಕ್ಟರ್ ಟೈರು ಒಡೆದು ದಾರಿಗೆ ಅಡ್ಡ ನಿಂತಿತ್ತು. ಅಲ್ಲಿ ಕಾಲು ತಾಸು ಹೋಯಿತು. ಕಿಟಕಿಯಲ್ಲಿ ಸೂರ್ಯ ಇಳಿಯುವುದನ್ನು ನೋಡುತ್ತ ನಾನು ಮುಂದಿನ ಸೀಟನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ತಲುಪಿದಾಗ ಏಳು ದಾಟಿತ್ತು. ಆಕಾಶದ ಅಂಚಿನಲ್ಲಿ ಮಾತ್ರ ಕೆಂಪು ಉಳಿದಿತ್ತು. ಅಮಾವಾಸ್ಯೆ, ಚಂದ್ರನ ಆಸೆಯೂ ಇಲ್ಲ. ಬೇಸಿಗೆಗೆ ಹಿನ್ನೀರು ಬಹಳ ಹಿಂದೆ ಸರಿದು, ಬಿರುಕು ಬಿಟ್ಟ ಕೆಸರಿನ ಬಯಲು, ಒಣಗಿದ ಮರದ ಬೊಡ್ಡೆಗಳು, ಅದರಾಚೆ ಸಣ್ಣ ಪಟ್ಟಿಯಷ್ಟು ನೀರು. ಬಯಲಿನ ನಡುವೆ ಊರು ಎದ್ದಿತ್ತು! ಮನೆಗಳ ಬುನಾದಿ, ಮೊಣಕಾಲೆತ್ತರದ ಗೋಡೆ, ಒಂದು ಕಟ್ಟೆ. ಇಪ್ಪತ್ತಕ್ಕೂ ಹೆಚ್ಚು ವರ್ಷ ನೀರಿನಲ್ಲಿದ್ದ ಅವ್ವನ ಊರು ನನಗೆ ಕಂಡಿತು. ಅವ್ವನ ತೋಳು ಹಿಡಿದು ದಂಡೆಯ ಮೇಲೆ ನಿಲ್ಲಿಸಿದೆ.

ಅವಳು ಸ್ವಲ್ಪ ಹೊತ್ತು ಮುಖ ಮುಂದೆ ಮಾಡಿ ನಿಂತಳು. ಆಮೇಲೆ ಮೆಲ್ಲಗೆ, "ಕತ್ತಲಾತೇನೋ ಮಲ್ಲೂ?" ಎಂದಳು.

"ಸ್ವಲ್ಪ ಆಗೈತಿಬೇ."

"ನಿನಗ ಕಾಣ್ತೈತಿ?"

"ಕಾಣ್ತೈತಿ."

"ಏನೇನ ಕಾಣ್ತೈತಿ ಹೇಳು."

"ಒಂದು ಕಟ್ಟಿ ಐತಿ. ಅದರ ಮ್ಯಾಲ ಕಲ್ಲಿನ ಕಂಬ ಅದಾವು."

"ಅದು ಬೀರಪ್ಪನ ಗುಡಿ. ಎಷ್ಟ ಕಂಬ?"

"ಎರಡು."

"ನಾಕ ಇದ್ದುವು. ಅದರ ಎಡಕ್ಕ ನಮ್ಮನಿ. ಬಾಗಲ ಮುಂದ ದೊಡ್ಡದೊಂದು ಬೇವಿನ ಗಿಡ ಐತೇನ ನೋಡು."

ಎಡಕ್ಕೆ ಬರೀ ಕೆಸರಿತ್ತು. ಅವಳ ಮುಖ ನೋಡಿ ನನಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. "ಐತಿಬೇ. ಒಣಗೈತಿ, ಆದ್ರ ನಿಂತೈತಿ" ಎಂದೆ.

ಅವ್ವ ನನ್ನ ಕೈಯಿಂದ ತನ್ನ ತೋಳು ಬಿಡಿಸಿಕೊಂಡಳು. "ಸುಳ್ಳ ಹೇಳಬ್ಯಾಡ. ಊರ ಬಿಡೂ ಮುಂದ ನಮ್ಮಪ್ಪ ಆ ಗಿಡಾ ಕಡದ ಗಾಡಿಗಿ ಹಾಕ್ಕೊಂಡು ಹ್ವಾದ. ನೀ ಖರೆ ಹೇಳಾಕತ್ತೀಯೋ ಇಲ್ಲೋ ಅಂತ ಕೇಳಿದೆ."

ಹಾಗಾದರೆ ಕಟ್ಟೆ, ಕಂಬವನ್ನೂ ಅವಳು ನಂಬಿದಳೋ ಇಲ್ಲವೋ ನನಗೆ ತಿಳಿಯದು. ಅವು ಖರೆ ಇದ್ದವು ಎಂದು ಆಣೆ ಮಾಡಿದೆ. ಅವಳು ತನ್ನ ಗಂಟಿಗಾಗಿ ಕೈ ಚಾಚಿದಳು.

ನೀರಿನವರೆಗೆ ಹೋಗಲಾಗಲಿಲ್ಲ. ಹತ್ತು ಹೆಜ್ಜೆಗೇ ನನ್ನ ಕಾಲು ಮೊಣಕಾಲಿನವರೆಗೆ ಹೂತಿತು. ಅವ್ವ ಒಣ ನೆಲದ ಅಂಚಿನಲ್ಲಿ ಕುಳಿತು, ಹಸಿರು ಖಣವನ್ನು ಕೈಯಿಂದಲೇ ತಡವಿ ಹಾಸಿ, ಮೇಲೆ ಕಾಯಿ, ಕೊಬ್ಬರಿ, ಎಲೆ ಅಡಿಕೆ ಇಟ್ಟು, ಅರಿಷಿಣ ಕುಂಕುಮ ಏರಿಸಿದಳು. "ಮಳಿಗಾಲಕ್ಕ ನೀರು ಇಲ್ಲಿಗಿ ಬರ್ತೈತಿ. ಆವಾಗ ತಗೋತಾಳು" ಎಂದಳು. ಅವಳು ಅಳಲಿಲ್ಲ, ಸುಮಿತ್ರಾ ಅತ್ತಳು. ಮುಂದಿನ ಅಮಾವಾಸ್ಯೆಗೆ ಬೆಳಿಗ್ಗೆಯೇ ಕರೆತರುತ್ತೇನೆ ಎಂದೆ. ಅಷ್ಟರಲ್ಲಿ ಮಳೆ ಬಂದಿರುತ್ತದೆ, ಊರು ಮತ್ತೆ ಕೆಳಗೆ ಹೋಗಿರುತ್ತದೆ ಎಂಬುದು ನನಗಿಂತ ಚೆನ್ನಾಗಿ ಅವಳಿಗೆ ಗೊತ್ತಿತ್ತು.

ಗಾಡಿಯಲ್ಲಿ ಬೆಳಗಿನ ಬುತ್ತಿ ಹಾಗೇ ಇತ್ತು, ಮೊಸರು ಹುಳಿಯಾಗಿತ್ತು. ಯಾರೂ ಮುಟ್ಟಲಿಲ್ಲ. ಇಮಾಮಸಾಬ್ ಗಾಡಿ ತಿರುಗಿಸಿದ. ಹಿನ್ನೀರು ನಮ್ಮ ಎಡಕ್ಕಿತ್ತು, ಇನ್ನೂ ತುಸು ಮಿನುಗುತ್ತಿತ್ತು. ಅವ್ವ ಬಲಗಡೆಯ ಕಿಟಕಿಗೆ ಸರಿದು, ಗಾಜು ಇಳಿಸಿ, ಕತ್ತು ಹೊರಳಿಸಿ ಹಿಂದಕ್ಕೆ ನೋಡತೊಡಗಿದಳು.

"ಆಯಿ, ನೀರ ಈ ಕಡೆ..." ಎಂದು ಸಂಗು ಬಾಯಿ ತೆರೆದ. ಶೈಲಾ ಅವನ ಬಾಯಿ ಮುಚ್ಚಿದಳು.

ಬಲಕ್ಕಿದ್ದದ್ದು ಕಬ್ಬಿನ ಹೊಲ. ಅವ್ವ ಅದಕ್ಕೆ ಕೈಮುಗಿದಳು. ಡಾಂಬರು ರಸ್ತೆ ಸೇರುವವರೆಗೂ ಆ ಕಡೆಯೇ ನೋಡುತ್ತಿದ್ದಳು.